ಕಾರ್ಡಿನವರಿಗೆ ಉಡಿಯಿಲ್ಲ

ಕೂಡ್ಲಿಗಿಯಲ್ಲಿ ಮದುವೆ ಜವಳಿ ಎಂದರೆ ನಾಗೇಂದ್ರಪ್ಪನ ಅಂಗಡಿ. ಸೀರೆ ಅಲ್ಲಿ ಅಗ್ಗವೇನಲ್ಲ, ಮಾತೂ ಸಿಹಿಯೇನಲ್ಲ. ಆದರೆ ಜವಳಿ ಕಟ್ಟಿಸಿದ ಮನೆಯ ಹಿರಿಯ ಹೆಣ್ಣುಮಗಳಿಗೆ ಅವನ ಹೆಂಡತಿ ಬಸಲಿಂಗಮ್ಮ ಉಡಿ ತುಂಬಿ ಕಳಿಸುತ್ತಿದ್ದಳು: ಒಂದು ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ. ನಾಗೇಂದ್ರಪ್ಪನ ಅಪ್ಪನ ಕಾಲದಿಂದ ಬಂದ ಪದ್ಧತಿ. ಅದಕ್ಕೆಂದೇ ಹೊಸಹಳ್ಳಿಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು.

ಈ ವರ್ಷ ಕಾರ್ಡ್ ಮಷೀನು ಕೊಟ್ಟ ಬ್ಯಾಂಕಿನವರು ನೂರಕ್ಕೆ ಒಂದೂವರೆ ರೂಪಾಯಿ ಹಿಡಿಯುತ್ತಿದ್ದದ್ದನ್ನು ಎರಡೂವರೆಗೆ ಏರಿಸಿದರು. ದಿನವಿಡೀ ಸೀರೆ ಬಿಚ್ಚಿ ಮಡಚುವವನು ಇವನು, ಕೂತಲ್ಲೇ ತಿನ್ನುವವರು ಅವರು! ನಾಗೇಂದ್ರಪ್ಪನಿಗೆ ಮೈಯೆಲ್ಲ ಉರಿಯಿತು. ಗಿರಾಕಿಯ ಮೇಲೆ ಹಾಕೋಣವೆಂದರೆ ಪಕ್ಕದ ಅಂಗಡಿ ಬಾಯಿ ತೆರೆದುಕೊಂಡೇ ಕೂತಿತ್ತು. ಕೊನೆಗೆ, ಕಾರ್ಡ್ ಉಜ್ಜಿದವರಿಗೆ ಉಡಿ ಬೇಡ ಎಂದು ತೀರ್ಮಾನಿಸಿದ. ಬೋರ್ಡು ಹಾಕಲಿಲ್ಲ. ಹೆಂಡತಿಗೆ ಕಣ್ಸನ್ನೆ ಮಾಡಿದರೆ ಸಾಕೆಂದುಕೊಂಡ.

"ಅಡಿಕೀಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ," ಎಂದಳು ಬಸಲಿಂಗಮ್ಮ. ಹೋಗಿ ಬ್ಯಾಂಕಿನವರಿಗೆ ಹೇಳು ಎಂದು ಅವನು ರೇಗಿದ.

ಸೋಮವಾರ ಗೀತಮ್ಮ ಬಂದಳು. ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ದೊಡ್ಡ ಮಗಳು ಸಮತಾ ಈಗ ಹೈಸ್ಕೂಲು ಟೀಚರು. ತಂಗಿಯ ಮದುವೆ ಜವಳಿ ಅವಳದೇ ಖರ್ಚು. ತಾಯಿ ಮಗಳು ಮಧ್ಯಾಹ್ನದವರೆಗೆ ಆರಿಸಿ ಐವತ್ತೆಂಟು ಸಾವಿರದ ಬಟ್ಟೆ ಕಟ್ಟಿಸಿದರು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಡಗಲಿಯ ಗೌಡರ ಮನೆಯವರು ನೋಟು ಎಣಿಸಿ ಕೊಟ್ಟು, ಉಡಿ ತುಂಬಿಸಿಕೊಂಡು ಎದ್ದರು. ಅದನ್ನು ನೋಡಿ ಗೀತಮ್ಮನೂ ನಗುತ್ತ ಎದ್ದು ಸೆರಗು ಹಿಡಿದು ನಿಂತಳು.

ಸಮತಾ ಕಾರ್ಡ್ ಕೊಟ್ಟಳು. ಮಷೀನು ಚೀಟಿ ಉಗುಳಿತು. ಬಸಲಿಂಗಮ್ಮ ತಟ್ಟೆಗೆ ಕೈ ಹಾಕಿದವಳು ಗಂಡನ ಕಣ್ಣು ನೋಡಿ ಕೈ ಹಿಂದೆ ತೆಗೆದಳು. ಗೀತಮ್ಮ ಸೆರಗು ಹಿಡಿದೇ ನಿಂತಿದ್ದಳು, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ ಬಿಟ್ಟಳು.

"ನಮ್ಮ ಕೇರಿಯವ್ರಿಗೆ ನಿಮ್ಮಪ್ಪಾರು ಮೆಟ್ಲ ಮ್ಯಾಲಿಂದ ಉಡಿ ಒಗಿತಿದ್ರು, ಸಾವ್ಕಾರ್ರ," ಎಂದಳು. "ನೀವು ಒಗಿಯೋದೂ ಬಿಟ್ರಿ."

ಅಪ್ಪ ಒಗೆದದ್ದನ್ನು ನಾಗೇಂದ್ರಪ್ಪ ಕಣ್ಣಾರೆ ಕಂಡಿದ್ದ. ಅಂಗಡಿಗೆ ಒಡೆಯನಾದ ದಿನ, ಇನ್ನು ಮೇಲೆ ಎಲ್ಲರಿಗೂ ಒಳಗೇ ಕೂರಿಸಿ ಉಡಿ ತುಂಬಬೇಕೆಂದು ಹೆಂಡತಿಗೆ ಹೇಳಿದವನೂ ಅವನೇ. ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥ ಕೆಲಸ ಅದೊಂದೇ ಇತ್ತು. ಅವನು ಗಲ್ಲಾಪೆಟ್ಟಿಗೆಯಿಂದ ಬ್ಯಾಂಕಿನ ಕಾಗದ ಹುಡುಕಿ ತೆಗೆದು, ಎರಡೂವರೆಯ ಮೇಲೆ ಬೆರಳಿಟ್ಟು, ಕಾರ್ಡ್ ಉಜ್ಜಿದವರು ಯಾರೇ ಆಗಿರಲಿ, ಅವರಿಗೆ ಉಡಿ ಕೊಡುತ್ತಿಲ್ಲವೆಂದು ಸಮತಾಳಿಗೆ ಹೇಳಿದ. ಅವಳು ಪೂರ್ತಿ ಓದಿದಳು. ಇವರು ಹೇಳುವುದು ಖರೆ ಎಂದು ತಾಯಿಗೆ ಹೇಳಿದಳು.

ಗೀತಮ್ಮ ಕಾಗದ ನೋಡಲಿಲ್ಲ.

"ಇರಬೌದವ್ವ," ಎಂದಳು. "ಆದ್ರ ಅಲ್ಲಿ ನಿಂತಾಗ ನಂಗ ಹೆಂಗ ಗೊತ್ತಾಗ್ಬೇಕು?"

ಬಸಲಿಂಗಮ್ಮ ತಟ್ಟೆ ಹಿಡಿದು ಎದುರಿಗೆ ಬರುವಷ್ಟರಲ್ಲಿ ಗೀತಮ್ಮ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಜವಳಿ ಗಂಟು ಎತ್ತಿಕೊಂಡಿದ್ದಳು.