ಗುಬ್ಬಚ್ಚಿ ಪದಕ್ಕೆ ಸೊಲ್ಲು ಕೂಡಿದ್ದು

ಮೊಮ್ಮಗಳು ತೇಜಸ್ವಿನಿ ಏನು ಓದುತ್ತಾಳೆ ಅಂತ ಯಾರಾದರೂ ಕೇಳಿದರೆ ವರಲಕ್ಷ್ಮಮ್ಮ ಬಾಯಿ ತುಂಬ ಹೇಳುವರು: "ಸಂಗೀತದ ಮನಶ್ಶಾಸ್ತ್ರ. ಎಂ.ಎಸ್ಸಿ. ಎರಡನೇ ವರ್ಷ."

"ಹಂಗಂದ್ರೇನು?" ಎಂದು ಎದುರುಮನೆ ಬೈರಮ್ಮ ಒಮ್ಮೆ ಕೇಳಿದ್ದಳು.

"ಹಾಡು ಕೇಳಿದ್ರೆ ತಲೆಯೊಳಗೆ ಏನಾಗ್ತದೆ ಅಂತ ನೋಡೋದು."

"ಅದಕ್ಕೂ ಕಾಲೇಜಿಗೆ ಓಗ್ಬೇಕಾ?"

"ಹೋಗದೇನೇ ಗೊತ್ತಿದ್ರೆ ನೀನೇ ಹೇಳು ನೋಡೋಣ," ಎಂದು ವರಲಕ್ಷ್ಮಮ್ಮ ಅವಳ ಬಾಯಿ ಮುಚ್ಚಿಸಿದ್ದರು.

ಈಗ ಆ ಓದು ಮನೆ ಬಾಗಿಲಿಗೇ ಬಂದಿತ್ತು. ವಯಸ್ಸಾದವರಿಗೆ ಹೊಸ ಮಾತನ್ನು ರಾಗದ ಜೊತೆ ಕಲಿಸಿದರೆ ಚೆನ್ನಾಗಿ ನೆನಪಿರುತ್ತದೋ, ಬರೀ ಮಾತಾಗಿ ಕಲಿಸಿದರೋ, ಇದು ತೇಜಸ್ವಿನಿಯ ಪ್ರಬಂಧ. ಹಳೇ ಪದ ಆದರೆ ಎಲ್ಲರಿಗೂ ಬರುತ್ತದೆಂದು ಅವಳೇ ಒಂದು ಹೊಸದು ಕಟ್ಟಿದ್ದಳು, ಬಸ್ ಸ್ಟಾಪಿನ ನಲ್ಲಿಯಲ್ಲಿ ನೀರು ಕುಡಿಯುವ ಗುಬ್ಬಚ್ಚಿಯ ಮೇಲೆ. ವಿದ್ಯಾರಣ್ಯಪುರದ ಆ ಬೀದಿಯಲ್ಲಿ ಲೇಔಟ್ ಆಗುವ ಮುಂಚಿನಿಂದ ಇದ್ದ ಹೆಂಗಸರನ್ನು ಒಬ್ಬೊಬ್ಬರನ್ನೇ ನಡುಮನೆಗೆ ಕರೆದು, ಅರ್ಧ ಜನಕ್ಕೆ ಹಾಡಿ ಕಲಿಸಿದಳು, ಉಳಿದವರಿಗೆ ಬರೀ ಹೇಳಿಕೊಟ್ಟಳು. ಮುಂದಿನ ವಾರ ಮತ್ತೆ ಕರೆದು ಎಷ್ಟು ನೆನಪಿದೆ ಕೇಳುವುದು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು. ತಪ್ಪಿದರೆ ಈ ವರ್ಷ ಡಿಗ್ರಿ ಇಲ್ಲ.

"ಈಗ ಗುಬ್ಬಚ್ಚಿ ಎಲ್ಲೈತಮ್ಮ," ಎಂದು ಬೈರಮ್ಮ ಕಲಿಯುವಾಗಲೇ ತಕರಾರು ತೆಗೆದಿದ್ದಳು. "ಪಾರಿವಾಳ ಅಂತ ಆಕು."

ಅವಳು ಬರೀ ಮಾತಿನ ಗುಂಪಿನವಳು. ವಾರ ಕಳೆದು ಮತ್ತೆ ನಡುಮನೆಗೆ ಬಂದು ಕುಳಿತಾಗ ವರಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಬೈರಮ್ಮ ಒಂದು ಸಾಲೂ ತಪ್ಪದೆ ಒಪ್ಪಿಸಿದಳು. ಒಪ್ಪಿಸುತ್ತಾ ತೊಡೆ ತಟ್ಟಿದಳು. ತಲೆ ತೂಗಿದಳು. ಸಾಲಿನ ಕೊನೆಗೆ ದನಿ ತಾನಾಗಿ ಮೇಲಕ್ಕೆ ಎದ್ದಿತು, ತೇಜಸ್ವಿನಿ ರಾಗದಲ್ಲಿ ಎತ್ತಿದ್ದ ಜಾಗದಲ್ಲೇ.

ತೇಜಸ್ವಿನಿ ಬರೆಯುವುದನ್ನು ನಿಲ್ಲಿಸಿದಳು.

"ಬೈರಜ್ಜಿ, ನಿಮಗೆ ರಾಗ ಯಾರು ಹೇಳ್ಕೊಟ್ರು?"

"ಇನ್ಯಾರು, ನಿಮ್ಮಜ್ಜಿ. ಮುನೇಶ್ವರನ ಗುಡಿ ಕಟ್ಟೆ ಮೇಲೆ ಎಲ್ರೂವೆ ಸೇರಿದ್ವಲ್ಲ. ಪಾಪ, ಬರೀ ಮಾತು ಕೊಟ್ಟು ನಮ್ಮನ್ನ ಒಣಗಿಸ್ಬಿಟ್ಟಿದ್ದೆ ನೀನು."

ವರಲಕ್ಷ್ಮಮ್ಮ ಅವರೆಕಾಯಿ ಬಿಟ್ಟು ಎದ್ದು ಬಂದರು. ಅವರ ಬೀದಿಯಲ್ಲಿ ಅದು ಮದುವೆಮನೆಯಲ್ಲಿ ಸೋಬಾನೆ ಹಾಡುವ ಕಾಲದಿಂದ ಬಂದ ನಡವಳಿಕೆ. ಒಬ್ಬಳು ಪದ ಎತ್ತಿದರೆ ಉಳಿದವರು ದನಿಗೂಡಿಸಿ ಸೊಲ್ಲು ಕೂಡಬೇಕು. ಬಾರದವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬರಿಸಬೇಕು. ಬೀದಿಗೆ ಬಂದ ಪದವನ್ನು ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ಇರುವುದು ಅವರಿಗೆ ಊಟದ ಪಂಕ್ತಿಯಲ್ಲಿ ಭೇದ ಮಾಡಿದಂತೆ ಕಂಡಿತ್ತು. ಸಾಲದ್ದಕ್ಕೆ, ಯಾರಾದರೂ ಮರೆತರೆ ಹುಡುಗಿಗೆ ಕಾಲೇಜಿನಲ್ಲಿ ಅವಮಾನ ಆದೀತು ಎಂಬ ಭಯ.

"ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೆ," ಎಂದರು.

"ಗೊತ್ತು ಅಜ್ಜಿ." ತೇಜಸ್ವಿನಿ ಪುಸ್ತಕ ಮುಚ್ಚಿಟ್ಟಳು. ಆಮೇಲೆ ಬೈರಮ್ಮನಿಗೆ ಕಾಫಿ ತಂದುಕೊಟ್ಟು, "ಚೆನ್ನಾಗಿ ಹೇಳಿದ್ರಿ" ಎಂದು ಬಾಗಿಲವರೆಗೆ ಹೋಗಿ ಕಳಿಸಿ ಬಂದಳು. ಬೈರಮ್ಮ ಹಿಗ್ಗಿಕೊಂಡೇ ಮನೆಗೆ ಹೋದಳು.

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ತೇಜಸ್ವಿನಿಯ ತಾಯಿ ಕಲಾವತಿ, "ಈಗೇನ್ ಮಾಡ್ತೀಯಾ?" ಎಂದಳು.

"ಎರಡೂ ಗುಂಪಿಗೆ ರಾಗ ಸಿಕ್ಕಿದೆ. ಇದು ಯಾವುದಕ್ಕೂ ಬರಲ್ಲ ಅಮ್ಮ."

"ಎರಡು ಗುಂಪಿಗೂ ಒಂದೇ ಸಮ ನೆನಪಿತ್ತು, ರಾಗದಿಂದ ಏನೂ ಉಪಯೋಗ ಇಲ್ಲ ಅಂತ ಬರೆದುಕೊಡು. ಯಾರು ಬಂದು ಕೇಳ್ತಾರೆ?"

"ಉಪಯೋಗ ಇಲ್ಲ ಅಂತೀಯಾ? ಬೈರಜ್ಜಿ ಕೈ ತಾಳ ಹಾಕಿದ್ದು ನೋಡಿದ್ಯಾ ನೀನು?" ತೇಜಸ್ವಿನಿ ನಕ್ಕಳು, ಕಣ್ಣು ಮಾತ್ರ ಒದ್ದೆಯಾಗಿತ್ತು. "ನಾನು ನೋಡಿದ್ದು ಒಂದು, ಬರೆಯೋದು ಇನ್ನೊಂದು ಆಗುತ್ತೆ. ಆಮೇಲೆ ಅದನ್ನ ನಂಬಿ ಇನ್ಯಾರೋ ಓದ್ತಾರೆ."

ಅಲ್ಲೇ ಕುಳಿತು ಮಾರ್ಗದರ್ಶಕಿ ತಾಹೆರಾ ಮೇಡಂಗೆ ಫೋನ್ ಮಾಡಿದಳು. ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಅಜ್ಜಿ ಕೆಡಿಸಿದರು ಎಂದು ಹೇಳಲಿಲ್ಲ. "ಒಟ್ಟಿಗೆ ಕಲಿಯೋದು ಇವರ ಪದ್ಧತಿ ಮೇಡಂ. ನಾನು ಇದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ಮೊದಲೇ ಯೋಚಿಸಬೇಕಿತ್ತು," ಎಂದಳು. ಆ ಕಡೆಯಿಂದ ಏನು ಬಂತೋ, ಬಹಳ ಹೊತ್ತು "ಹ್ಞೂಂ ಮೇಡಂ, ಹ್ಞೂಂ" ಎನ್ನುತ್ತಿದ್ದಳು.

"ಏನಂದ್ರು?" ವರಲಕ್ಷ್ಮಮ್ಮ ಹತ್ತಿರ ಬಂದು ಕೇಳಿದರು.

"ಮೊದಲಿಂದ ಮಾಡು ಅಂದ್ರು. ಒಪ್ಪಿಸೋದು ಮುಂದಿನ ಸಲಕ್ಕೆ. ಆರು ತಿಂಗಳು ತಡ."

ವರಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ತೇಜಸ್ವಿನಿ ಪಕ್ಕದಲ್ಲಿ ಕುಳಿತು ಅವರೆಕಾಯಿಯ ಮೊರ ತನ್ನ ಕಡೆಗೆ ಎಳೆದುಕೊಂಡಳು. "ನೀವು ಕಟ್ಟೆ ಮೇಲೆ ಹೆಂಗೆ ಕಲಿಸಿದ್ರಿ ಅಂತ ಒಂದಿನ ಕೂತು ಹೇಳ್ಬೇಕು ನಂಗೆ. ಅದು ಬೇರೇನೇ ಓದು, ಇದು ಮುಗೀಲಿ."

ಹುಣ್ಣಿಮೆ ಕಳೆದ ಮೇಲೆ ಅವಳು ಬೇರೆ ಪದ ಕಟ್ಟಿದಳು. ಟಿ. ದಾಸರಹಳ್ಳಿಯಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ, ಬೇರೆಬೇರೆ ಬೀದಿಯ ಅಜ್ಜಿಯರನ್ನು ಹುಡುಕಿ ಒಪ್ಪಿಗೆ ಪಡೆದಿದ್ದಳು. ಹೊರಡುವ ದಿನ ಬೆಳಿಗ್ಗೆ ವರಲಕ್ಷ್ಮಮ್ಮ ಬಾಕ್ಸಿಗೆ ಚಿತ್ರಾನ್ನ ಹಾಕುತ್ತಾ, "ಹೊಸ ಪದ ಒಂಚೂರು ಹಾಡೆ, ಕೇಳೋಣ," ಎಂದರು.

"ಇಲ್ಲ ಅಜ್ಜಿ."

"ನಾನು ದಾಸರಹಳ್ಳಿಗೆ ಹೋಗಿ ಹಾಡ್ತೀನಾ?"

"ನಿಮ್ಮನ್ನ ನಂಬಕ್ಕಾಗಲ್ಲ," ಎಂದು ನಗುತ್ತಾ ಚಪ್ಪಲಿ ಮೆಟ್ಟಿದಳು.

ವರಲಕ್ಷ್ಮಮ್ಮ ಗೇಟಿನವರೆಗೂ ಹೋದರು. ಹೊಸಿಲ ಮುಂದೆ ನೀರು ಹಾಕುತ್ತಿದ್ದ ಬೈರಮ್ಮ, "ಏನಂತೆ, ಪದ ಯೇಳಿದ್ಳಾ?" ಎಂದು ಕೂಗಿ ಕೇಳಿದಳು.

"ಊಹ್ಞೂಂ. ಹೇಳಲ್ವಂತೆ," ಎಂದರು ವರಲಕ್ಷ್ಮಮ್ಮ. ಅವರ ದನಿಯಲ್ಲಿದ್ದ ಹೆಮ್ಮೆ ಬೀದಿ ತುದಿಯವರೆಗೂ ಕೇಳಿಸುವಂತಿತ್ತು.