ತಾರೆಗುಚ್ಛದ ನಡು

"ನೀನು ಸಿಟ್ಟು ಮಾಡ್ಕೊಂಡ್ರೆ ನಕ್ಷತ್ರಗಳೇನು ಜಾಗ ಬಿಟ್ಟು ಕದಲ್ತಾವೇನೇ, ಓರ್ನೆಲ್ಲಾ?" ಎಂದು ನಕ್ಕ ತಾಜಿಯೋ.

ನಗು...! ಬೊಲೋನ್ಯ ನಗರದ ಕೆಂಪಿಟ್ಟಿಗೆಯ ಕಮಾನುಗಳಾಚೆ ಆ ಮಧ್ಯಾಹ್ನ ನವೆಂಬರಿನ ಮಳೆ ಧೂಸರ ರೇಷ್ಮೆಯ ತೆರೆಯಂತೆ ಇಳಿಯುತ್ತಿತ್ತು, ಊರೆಲ್ಲ ತಣ್ಣಗಾಗಿತ್ತು, ಕಮಾನಿನಡಿಯ ಊಟದಂಗಡಿಯಲ್ಲಿ ಕುಳಿತ ಓರ್ನೆಲ್ಲಾಳ ಎದೆಯೊಂದೇ, ಸಹೃದಯರೇ, ಗ್ರೀಷ್ಮದ ಬಂಡೆಯಂತೆ ಕಾದಿತ್ತು. ವಸಂತದಲ್ಲಿ ಅವಳ ಕೈಹಿಡಿಯಲಿದ್ದ ಈತ, ಇಬ್ಬರ ಹೆಸರೂ ಇದ್ದ ಖಗೋಳ ಪ್ರಬಂಧವನ್ನು ಇಂದು ಸಂಜೆಯೇ ಪ್ರಕಟಣೆಗೆ ಕಳಿಸುವವನಿದ್ದ. ಅದರಲ್ಲಿದ್ದುದು ಸುಳ್ಳು!

ಸಹಸ್ರಸಹಸ್ರ ವೃದ್ಧತಾರೆಗಳು ಜೇನ್ನೊಣಗಳಂತೆ ಮುತ್ತಿಕೊಂಡಿರುವ ಗೋಳಗುಚ್ಛದಲ್ಲಿ, ಎರಡು ಕೂಡಿ ಒಂದಾದ ನೀಲಿ ತಾರೆಗಳು ಕೆಲವಿರುತ್ತವೆ; ಉಳಿದವಕ್ಕಿಂತ ಭಾರವಾದ ಅವು ಯುಗಯುಗಗಳ ನೂಕುನುಗ್ಗಲಿನಲ್ಲಿ ಮೆಲ್ಲಮೆಲ್ಲನೆ ನಡುವಿಗೆ ಇಳಿಯುತ್ತವೆ. ಎಷ್ಟು ಇಳಿದಿವೆಯೋ ಗುಚ್ಛದ ಬಾಳು ಅಷ್ಟು ಮಾಗಿದೆಯೆಂದು ಲೆಕ್ಕ. ಆದರೆ ನಡುವೇ ತಪ್ಪಿದರೆ...? ಬೇಸಿಗೆಯಿಡೀ ಮಂಕು ತಾರೆಗಳನ್ನೂ ಬಿಡದೆ ಎಣಿಸಿ ಅವಳು ಗುರುತಿಸಿಕೊಟ್ಟ ನಡುವನ್ನು ಬಿಟ್ಟು, ಬೆಳಕು ಹೆಚ್ಚಿದ್ದಲ್ಲೇ ನಡುವೆಂದು ತಾಜಿಯೋ ಹಿಡಿದಿದ್ದ. ಅಲ್ಲಿ ಉರಿಯುತ್ತಿದ್ದವು ಎರಡು ಮೂರು ಕೆಂಪು ದೈತ್ಯತಾರೆಗಳಷ್ಟೇ! ಮಾಗಿದ ಗುಚ್ಛ ಅವನ ಅಳತೆಯಲ್ಲಿ ಎಳೆಯದಾಗಿಬಿಟ್ಟಿತ್ತು.

"ಹೊಳೆಯೋರ ಪಕ್ಕ ಹೋಗಿ ನಿಲ್ಲೋದು ನಿಂಗೆ ಮೊದಲಿಂದ ಅಭ್ಯಾಸ, ಬಿಡು," ಎಂದಳು ಓರ್ನೆಲ್ಲಾ.

"ಕೂದಲೆಳೆ ವ್ಯತ್ಯಾಸ ಕಣೇ! ಯಾರಿಗೆ ಗೊತ್ತಾಗತ್ತೆ? ಎಳೇ ಗುಚ್ಛ ಅಂದ್ರೆ ನಮ್ಮ ಪ್ರೊಫೆಸರೂ ಕುಣೀತಾರೆ."

"ನಂಗೆ ಗೊತ್ತಾಗತ್ತೆ. ನಾನು ಕೊಟ್ಟಿದ್ದು ತೆಗೆದಾದ್ರೂ ನೋಡಿದ್ಯಾ?"

ತಾಜಿಯೋ ಸಾರು ಕಲಕುತ್ತ ಕುಳಿತ. ನೋಡಿರಲಿಲ್ಲ...! ಮಳೆಯ ಸದ್ದೂ ಅವಳ ಕಿವಿಗೆ ಕರ್ಕಶವಾಯಿತು.

"ನನ್ನ ಹೆಸರು ತೆಗಿ."

"ಹಾಗಾದ್ರೆ... ಮದುವೆ?"

"ನನ್ನ ಕೆಲಸ ತೆರೆದೂ ನೋಡದೋನ ಜೊತೆ ಎಂಥಾ ಮದುವೆ ಮಾರಾಯಾ?"

ಅವನ ನಗು ಆರಿತು. ಲ್ಯಾಪ್‌ಟಾಪ್ ತೆರೆದು, ಅವಳ ಎಣಿಕೆಯನ್ನು ಮೊದಲ ಬಾರಿಗೆ ಬಿಚ್ಚಿ, ಅವಳು ಕಂಡ ನಡುವಿನಿಂದ ನೀಲಿ ತಾರೆಗಳ ದೂರವನ್ನು ಹೊಸದಾಗಿ ಅಳೆಯತೊಡಗಿದ. ಚದುರಿದಂತಿದ್ದವೆಲ್ಲ ಒಳಕ್ಕೆ ಬಂದು ಕುಳಿತವು. ಅವನ ಮುಖ ಕೆಂಪೇರಿತು.

"ನಂದೇ ತಪ್ಪು. ಇವತ್ತು ಕಳ್ಸಲ್ಲ."

"ಪ್ರೊಫೆಸರಿಗೂ ನೀನೇ ಹೇಳು."

ಒಲಿದವರು ನಮ್ಮನ್ನು ಒಪ್ಪದಿದ್ದರೂ ಹೃದಯ ತಾಳೀತು. ಕಣ್ಣು ಸವೆಸಿ ಕಂಡುದನ್ನು ಅವರು ಒಮ್ಮೆಯೂ ನೋಡದಿದ್ದರೆ ಹೇಗೆ ತಾಳೀತು...! ಓರ್ನೆಲ್ಲಾಳ ಕೋಪ ಇಳಿದಿರಲಿಲ್ಲ. ಆದರೂ ಅವನ ತಟ್ಟೆಯ ಸಾರಿನಲ್ಲಿ ತೊರ್ತೆಲ್ಲಿನಿ ಕಡುಬುಗಳು ಆರುತ್ತಿರುವುದನ್ನು ಕಂಡು, ತುರಿದ ಚೀಸಿನ ಬಟ್ಟಲನ್ನು ರಪ್ಪನೆ ಅವನತ್ತ ತಳ್ಳಿದಳು.