ಒಳಗಿನ ಸಂಬಂಧ

ನಿರುಪಮಾಳಿಗೆ ಅಜ್ಜಿ ಮುತ್ತಜ್ಜಿಯರ ವಿಷಯ ಬೇಕಾದದ್ದು ಅಭಿಮಾನಕ್ಕಲ್ಲ, ಆಸ್ಪತ್ರೆಗೆ. ವಂಶವೃಕ್ಷ ಬರೆಸಿ, ಚೌಕಟ್ಟು ಹಾಕಿಸಿ, ಹಾಲ್‌ನ ಗೋಡೆಗೆ ತೂಗುಹಾಕುವ ಹುಚ್ಚು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ಕನ್ನಡದ ಮನೆಗಳಲ್ಲಿ ಈಚೆಗೆ ಶುರುವಾಗಿತ್ತು. ಚಿಕ್ಕ ಸೀಸೆಯಲ್ಲಿ ಉಗುಳು ತುಂಬಿ ಅಂಚೆಗೆ ಹಾಕಿ, ತಮ್ಮವರು ಸಾವಿರಾರು ವರ್ಷದ ಹಿಂದೆ ಎಲ್ಲಿಂದ ನಡೆದು ಬಂದರೆಂದು ತಿಳಿದುಕೊಂಡು ಬೀಗುತ್ತಿದ್ದವರೂ ಇದ್ದರು. ಅವಳಿಗೆ ಅಷ್ಟು ದೂರದ ಸುದ್ದಿ ಬೇಕಿರಲಿಲ್ಲ. ತಾಯಿಯ ಕಡೆಯದು ಗೊತ್ತಿತ್ತು, ತಂದೆಯ ಕಡೆಯ ಹೆಂಗಸರು ಯಾವ ವಯಸ್ಸಿಗೆ ಸತ್ತರು, ಯಾವುದರಿಂದ ಸತ್ತರು, ಅಷ್ಟು ಗೊತ್ತಾದರೆ ಸಾಕಿತ್ತು.

ಮಾರ್ಚ್ ತಿಂಗಳಲ್ಲಿ ಅವಳ ಎಡಗಡೆಯ ಮೊಲೆಯನ್ನು ತೆಗೆದಿದ್ದರು. ವಯಸ್ಸು ನಲವತ್ತಾರು. ಆಮೇಲೆ ಕೀಮೋ ಆಯಿತು, ಕೂದಲು ಹೋಯಿತು, ಮತ್ತೆ ಒಂದಿಂಚು ಬಂತು. ಇಷ್ಟರಲ್ಲಿ ಅವಳಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಜೀವವೇ ಜೋಮು ಹಿಡಿದಂತಾಗಿತ್ತು. ನೋಡಲು ಬಂದವರು ಬಿಸಿಬೇಳೆಭಾತಿನ ಡಬ್ಬಿ ಮುಂದಿಟ್ಟು, ಎಷ್ಟು ಧೈರ್ಯ ನಿಮಗೆ ಅಂದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಬಂದವರ ಡಬ್ಬಿಗಳನ್ನು ತೊಳೆದು, ಯಾರದು ಯಾವುದೆಂದು ಚೀಟಿ ಅಂಟಿಸಿ ಇಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲರ್ ಅವಳನ್ನೂ ಗಂಡ ಶಶಿಧರನನ್ನೂ ಕರೆಸಿದಳು. ನಿರುಪಮಾಳ ಒಂದು ಜೀನಿನಲ್ಲಿ ಒಂದು ಬದಲಾವಣೆ ಕಂಡಿದೆ, ಅದು ಕೆಟ್ಟದ್ದೋ ನಿರುಪದ್ರವಿಯೋ ಹೇಳಲು ಬರುತ್ತಿಲ್ಲ, ನಿಮ್ಮ ಕಡೆಯ ಜನರ ಮಾಹಿತಿ ನಮ್ಮಲ್ಲಿ ತೀರ ಕಡಿಮೆ ಎಂದು ಆಕೆ ತಾನೇ ತಪ್ಪು ಮಾಡಿದವಳಂತೆ ಹೇಳಿದಳು. ಮನೆತನದಲ್ಲಿ ಎಳೆ ವಯಸ್ಸಿಗೇ ಇದೇ ಕಾಯಿಲೆಯಿಂದ ಹೋದ ಹೆಂಗಸರು ಇದ್ದದ್ದು ಗೊತ್ತಾದರೆ, ಅದನ್ನು ಕೆಟ್ಟದ್ದೆಂದೇ ಹಿಡಿದು ಮಗಳು ಸ್ನೇಹಲ್‌ಳನ್ನೂ ಪರೀಕ್ಷೆ ಮಾಡಬೇಕು, ಅವಳಲ್ಲೂ ಕಂಡರೆ ಇಪ್ಪತ್ತೈದಕ್ಕೇ ವರ್ಷ ವರ್ಷ ಸ್ಕ್ಯಾನು ಶುರು. ಇಲ್ಲವಾದರೆ ಅವಳ ತಂಟೆಗೆ ಹೋಗುವುದೇ ಬೇಡ. ಸ್ನೇಹಲ್‌ಗೆ ಆಗ ಇಪ್ಪತ್ತು ತುಂಬಿತ್ತು, ಡೇವಿಸ್‌ನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಅಕ್ಟೋಬರಿನ ಒಂದು ಗುರುವಾರಕ್ಕೆ ಮುಂದಿನ ಭೇಟಿ ಗೊತ್ತಾಯಿತು.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧ ಕಂಪನಿಯೊಂದರಲ್ಲಿ ದಾಖಲೆಗಳನ್ನು ಪರಿಶೀಲಿಸುವುದು ನಿರುಪಮಾಳ ಕೆಲಸ. ಬರೆದಿಡದ ಕೆಲಸ ನಡೆದೇ ಇಲ್ಲವೆಂದು ಹಿಡಿಯಬೇಕೆನ್ನುವುದು ಅಲ್ಲಿಯ ಕಟ್ಟಳೆ. ಆ ಕಟ್ಟಳೆಯಂತೆ ಹೋದರೆ ಅವಳ ಅಜ್ಜಿ ಸತ್ತಿರಲಿಲ್ಲ, ಹುಟ್ಟಿಯೂ ಇರಲಿಲ್ಲ. ಬಾಗಲಕೋಟೆ ಜಿಲ್ಲೆಯ ಊರಿನಲ್ಲಿದ್ದ ತಮ್ಮ ಅಜಯ ಅವಳಿಗಾಗಿ ಮೂರು ವಾರ ಕಚೇರಿಯಿಂದ ಕಚೇರಿಗೆ ಅಲೆದ. ಅಷ್ಟು ಹಳೆಯ ಸಾವಿನ ನೋಂದಣಿ ಎಲ್ಲಿಯೂ ಉಳಿದಿರಲಿಲ್ಲ. ನಿರುಪಮಾಳ ಅಪ್ಪ ಸಂಗನಬಸಪ್ಪನ ಶಾಲೆಯ ಪುಸ್ತಕ ಸಿಕ್ಕಿತು, ಅದರಲ್ಲಿ ಅವನ ತಂದೆಯ ಹೆಸರಿತ್ತು, ತಾಯಿಯದಿರಲಿಲ್ಲ. ಫೋಟೋ ಅಂತೂ ಯಾರೂ ತೆಗೆಸಿದವರಲ್ಲ. ಅಜಯ ಒಡಹುಟ್ಟಿದ ತಮ್ಮನಲ್ಲ, ಅಜ್ಜನ ಎರಡನೇ ಹೆಂಡತಿಯ ಮೊಮ್ಮಗ. ಮೊದಲನೆಯವಳು ಎಳೆ ವಯಸ್ಸಿಗೇ ಹೋದಳು, ಎರಡನೆಯವಳು ಎಲ್ಲರನ್ನೂ ಬೆಳೆಸಿದಳು ಎಂಬುದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೊನೆಗೆ ಅಜಯನೇ ಫೋನಿನಲ್ಲಿ, ಹೆಳವರನ್ನು ಕೇಳಿ ನೋಡೋಣ ಅಂದ.

ಹೆಳವರೆಂದರೆ ಆ ಸೀಮೆಯಲ್ಲಿ ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು ಹೇಳುವವರು. ಸುಗ್ಗಿ ಮುಗಿದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ, ಬೆಳಗಿನ ಜಾವ ಅಂಗಳದಲ್ಲಿ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ರಾಗವಾಗಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಕಾಳು ಕಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಸಣ್ಣವಳಿದ್ದಾಗ ನಿರುಪಮಾ ಆ ರಾಗಕ್ಕೆ ಎಚ್ಚರವಾಗಿ, ಮತ್ತೆ ಕೌದಿ ಎಳೆದುಕೊಂಡು ಮಲಗುತ್ತಿದ್ದಳು.

ಶನಿವಾರ ಸಂಜೆ ಏಳಕ್ಕೆ, ಅಂದರೆ ಊರಿನ ರವಿವಾರ ಬೆಳಗಿಗೆ, ವಿಡಿಯೋ ಕಾಲಿನಲ್ಲಿ ಯಮನಪ್ಪ ಹೆಳವರ ಕಾಣಿಸಿಕೊಂಡ. ಅಜಯನ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕೆಂಪು ಬಟ್ಟೆ ಬಿಚ್ಚಿ, ಉದ್ದನೆಯ ಪುಸ್ತಕಕ್ಕೆ ಕೈಮುಗಿದು ಓದತೊಡಗಿದ. ಮಲ್ಲಪ್ಪನ ಮಗ ಈರಪ್ಪ, ಈರಪ್ಪನ ಮಗ ರುದ್ರಪ್ಪ, ರುದ್ರಪ್ಪನ ಮಗ ಸಂಗನಬಸಪ್ಪ. ಎಲ್ಲರೂ ಮೀಸೆ ಹೊತ್ತವರೇ. ಹೆಂಗಸರು ಹೇಗೆ ಸತ್ತರೆಂದು ಬರೆದಿದೆಯೇ ಎಂದು ನಿರುಪಮಾ ಕೇಳಿದಳು.

"ಹೆಣ್ಣಮಕ್ಕಳ ಸಾವು ನಾವು ಬರಿಯೂದಿಲ್ರಿ ಅಕ್ಕಾರ. ಬಂದದ್ದು ಬರಿತೀವಿ. ಯಾವ ಊರಾಕಿ, ಯಾರ ಮಗಳು, ಇಷ್ಟ."

ಹಾಗಾದರೆ ಗಂಡಸರನ್ನು ಬಿಟ್ಟು ಬರೀ ಹೆಂಡಿರನ್ನು ಓದಿರಿ ಎಂದು ಅವಳು ಕೇಳಿಕೊಂಡಳು. ಹಾಗೆ ಯಾರೂ ಓದಿಸಿದವರಿಲ್ಲವೆಂದು ಯಮನಪ್ಪ ನಕ್ಕ, ಆದರೂ ಓದಿದ. ನಿರುಪಮಾ ಆಫೀಸಿನ ಅಭ್ಯಾಸದಂತೆ ಒಂದು ಹಾಳೆಗೆ ಗೆರೆ ಹೊಡೆದು ಬರೆದುಕೊಳ್ಳತೊಡಗಿದಳು. ಮಲ್ಲಪ್ಪನಿಗೆ ಇಬ್ಬರು, ಮೊದಲನೆಯವಳು ಅಕ್ಕನ ಮಗಳು, ಎರಡನೆಯವಳು ಹೊರಗಿನವಳು. ಈರಪ್ಪನಿಗೆ ಇಬ್ಬರು, ಮೊದಲನೆಯವಳು ಸೋದರತ್ತೆಯ ಮಗಳು, ಎರಡನೆಯವಳು ಹೊರಗಿನವಳು. ಅಜ್ಜ ರುದ್ರಪ್ಪನಿಗೂ ಇಬ್ಬರು, ಮೊದಲನೆಯವಳು ಅಕ್ಕನ ಮಗಳು ಶರಣವ್ವ, ಎರಡನೆಯವಳು ಅಜಯನ ಅಜ್ಜಿ. ಮೊದಲನೆಯವರಿಗೆಲ್ಲ ಎರಡೋ ಮೂರೋ ಮಕ್ಕಳು, ಆಮೇಲೆ ಇನ್ನೊಂದು ಮದುವೆ. ತನ್ನ ಅಜ್ಜಿಯ ಹೆಸರು ಶರಣವ್ವ ಎಂದು ನಿರುಪಮಾಳಿಗೆ ಗೊತ್ತಾದದ್ದೇ ಆ ಹೊತ್ತಿಗೆ. ಗೊತ್ತಾಗಿಯೂ ಏನೂ ಅನ್ನಿಸಲಿಲ್ಲ. ಅದನ್ನೂ ಹಾಳೆಯಲ್ಲಿ ಗೆರೆ ಹೊಡೆದ ಮನೆಯೊಂದರಲ್ಲಿ ತುಂಬಿದಳು.

ಪುಸ್ತಕ ಮಡಚುತ್ತ ಯಮನಪ್ಪ ತನಗೆ ತಾನೇ ಎಂಬಂತೆ ಒಂದು ಮಾತು ಹೇಳಿದ. "ನಮ್ಮಪ್ಪನೂ ಅಂತಿದ್ದ ನೋಡ್ರಿ. ಈ ಮನ್ಯಾಗ ಒಳಗಿನ ಸಂಬಂಧದ್ದು ಹೆಣ್ಣ ಬಾಳೂದಿಲ್ಲ. ಮಕ್ಕಳನ್ನ ದೊಡ್ಡವರನ್ನ ಮಾಡಾಕ ಹೊರಗಿನಾಕೀನs ಬರಬೇಕು."

ಅಜಯ ಅಡ್ಡ ಬಾಯಿ ಹಾಕಿ, ಆಗಿನ ಕಾಲಕ್ಕೆ ಬಾಣಂತಿಯರೇ ಎಷ್ಟು ಜನ ಹೋಗುತ್ತಿದ್ದರು, ಪ್ಲೇಗಿರಲಿಲ್ಲವೇ, ಕಾಲರಾ ಇರಲಿಲ್ಲವೇ, ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದ. ಅವನ ಮಾತೂ ನಿಜವೇ. ಮೂರು ಸಲ ಎರಡನೇ ಮದುವೆಯಾದದ್ದು ಕಾಗದದ ಮೇಲಿತ್ತು, ಯಾಕೆ ಆಯಿತೆಂಬುದು ಇರಲಿಲ್ಲ. ಗುರುವಾರ ಇದನ್ನು ಕೌನ್ಸೆಲರ ಮುಂದಿಟ್ಟರೆ ಆಕೆ ನಯವಾಗಿ ನಕ್ಕು ಪಕ್ಕಕ್ಕಿಡುತ್ತಾಳೆ.

ಕಾಶವ್ವ ಆ ಹೊತ್ತಿಗೆ ಊಟದ ಮೇಜಿನ ಆಚೆ ಬದಿಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಾಶವ್ವ ಶಶಿಧರನ ತಾಯಿ, ನಿರುಪಮಾಳಿಗೆ ಅತ್ತೆ. ಮದುವೆಯಿಂದ ಬಂದ ಅತ್ತೆ ಮಾತ್ರ ಅಲ್ಲ, ಹುಟ್ಟಿದಾಗಿನಿಂದಲೂ ಅತ್ತೆ, ಸಂಗನಬಸಪ್ಪನ ಒಡಹುಟ್ಟಿದ ಅಕ್ಕ. ಎಪ್ಪತ್ತೇಳರ ಮುದುಕಿ ಹೆಳವರ ಓದನ್ನು ಕೊನೆಯವರೆಗೂ ಕೇಳಿ, ಕಡ್ಡಿಗಳನ್ನೊಂದು ಕಡೆ, ಎಲೆಗಳನ್ನೊಂದು ಕಡೆ ಮಾಡುತ್ತಲೇ ಇದ್ದಳು. ನಿನ್ನ ಅವ್ವ ಹೇಗೆ ಹೋದಳು, ನೆನಪಿದ್ದಷ್ಟು ಹೇಳು ಎಂದು ನಿರುಪಮಾ ಕೇಳಿದಳು. ಹಿಂದೆ ಕೇಳಿದಾಗಲೆಲ್ಲ ಹೆಸರನ್ನೂ ಎತ್ತದೆ, ಬೇನೆ ಬಂದು ಹೋದಳು ಎಂದಷ್ಟೇ ಹೇಳಿ ಮುಗಿಸುತ್ತಿದ್ದ ಕಾಶವ್ವ ಈ ಸಲ ಕೈ ನಿಲ್ಲಿಸಿದಳು.

"ನನಗ ಐದು ವರ್ಷ ಇರಬೇಕು. ನಿಮ್ಮಪ್ಪ ಕೂಸು. ಅವ್ವ ಅವಗ ಬಲಗಡೀನs ಹಾಲ ಕುಡಸ್ತಿದ್ಲು. ಎಡಗಡಿಗೆ ಕುಬಸದಾಗ ಬಟ್ಟಿ ಮಡಚಿ ಇಟ್ಟಿರ್ತಿದ್ಲು, ಅದು ಹಸೀನs ಇರ್ತಿತ್ತು. ನಾ ತೊಡಿ ಏರಾಕ ಹ್ವಾದ್ರ ಆ ಕಡಿ ಬರಬ್ಯಾಡ ಅಂತಿದ್ಲು. ಮುಂದಿನ ಬ್ಯಾಸಗೀಗೆ ಹ್ವಾದ್ಲು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಿರುಪಮಾ ಕೇಳಿದಳು. ಅಂಥದ್ದನ್ನು ಯಾರಾದರೂ ಹೇಳುತ್ತಾರೇನು ಎಂದು ಮುದುಕಿ ಅವಳನ್ನೇ ಕೇಳಿದಳು. ಮಾರ್ಚಿನಲ್ಲಿ ಅವಳ ಎದೆಯ ಪಟ್ಟಿ ನೋಡಿದ ದಿನವೇ ನೆನಪಾಗಿತ್ತಂತೆ, ಹೆದರಿಸುವುದು ಬೇಡವೆಂದು ಸುಮ್ಮನಿದ್ದಳಂತೆ. ಆಮೇಲೆ ಸೊಪ್ಪಿನ ರಾಶಿಯನ್ನು ನೋಡುತ್ತ, ಮೆಲ್ಲಗೆ, ಕಾಶವ್ವ ಆ ಮನೆಯಲ್ಲಿ ಓದಿದವರಿಬ್ಬರಿಗೂ ತೋಚದ ಮಾತು ಆಡಿದಳು.

"ಹಂಗಾರ ಶಶಿಗೂ ಅದs ರಕ್ತ ಅಲ್ಲೇನು? ಅವಾ ನನ್ನ ಹೊಟ್ಟ್ಯಾಗಿಂದ ಬಂದಾನಲ್ಲ."

ನಿರುಪಮಾಳಿಗೆ ಸೆಪ್ಟೆಂಬರಿನ ಫಾರ್ಮು ನೆನಪಾಯಿತು. ನೀವು ಗಂಡ ಹೆಂಡಿರು ರಕ್ತಸಂಬಂಧಿಗಳೇ ಎಂಬ ಪ್ರಶ್ನೆಗೆ ಶಶಿಧರ ಇಲ್ಲವೆಂದು ಗುರುತು ಹಾಕಿದ್ದ. ಅವಳು ನೋಡಿಯೂ ಸುಮ್ಮನಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಅವರ ಮಂದಿಯಲ್ಲಿ ಚಿಕ್ಕಪ್ಪನ ಮಗನೆಂದರೆ ಅಣ್ಣತಮ್ಮ, ಅವನದು ರಕ್ತ. ಸೋದರತ್ತೆಯ ಮಗನೆಂದರೆ ಬೇರೆ ಮನೆ, ಬೇರೆ ಬೆಡಗು ಅಂದರೆ ಬೇರೆ ಗೋತ್ರ, ಹೆಣ್ಣು ಕೊಡಲಿಕ್ಕೆಂದೇ ಇರುವ ಮನೆ. ಅದನ್ನು ರಕ್ತಸಂಬಂಧ ಅಂದರೆ ಊರಿನಲ್ಲಿ ನಕ್ಕಾರು. ಆದರೆ ಪೂರ್ತಿ ನಿಜವೂ ಅಲ್ಲ. ಸನ್ನಿವೇಲ್‌ನ ಆಫೀಸಿಗೆ ಸೇರಿದ ಹೊಸತರಲ್ಲಿ, ಮದುವೆ ಹೇಗಾಯಿತೆಂದು ಲಂಚಿಗೆ ಕೂತವರು ಕೇಳಿದಾಗ ಶಶಿಧರ ಇದ್ದದ್ದು ಇದ್ದ ಹಾಗೆ ಹೇಳಿದ್ದ. ಮೇಜಿನ ಸುತ್ತ ಕೂತವರಲ್ಲಿ ಯಾರೋ ಒಬ್ಬರು ತಟ್ಟನೆ ಹವಾಮಾನದ ಮಾತು ತೆಗೆದರು. ಅಂದಿನಿಂದ ಅವರು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಕಾಶವ್ವನಿಗೂ ತಾಕೀತು ಮಾಡಿದ್ದರು. ತನ್ನ ಬೆನ್ನಿಗೆ ಬಿದ್ದ ತಮ್ಮನನ್ನು ಮೊಮ್ಮಗಳ ಮುಂದೆ ಇಪ್ಪತ್ತು ವರ್ಷ ಬೀಗರು, ಬೀಗರು ಎಂದು ಬಹುವಚನ ಹಚ್ಚಿ ಕರೆದವಳು ಆ ಮುದುಕಿ. ತಮ್ಮ ತೀರಿಕೊಂಡಾಗ ಅತ್ತದ್ದೂ ಬಚ್ಚಲಿನ ಬಾಗಿಲು ಹಾಕಿಕೊಂಡೇ.

ಶಶಿಧರನಿಗೆ ಎಲ್ಲವನ್ನೂ ಹೇಳಿದಾಗ ಅವನು, ಕೌನ್ಸೆಲರಿಗೆ ಇಮೇಲಿನಲ್ಲಿ ತಿಳಿಸೋಣ, ಸ್ನೇಹಲ್ ಮುಂದೆ ಬೇಡ ಅಂದ. ಅವಳು ಏನೆಂದುಕೊಂಡಾಳು, ಗೆಳತಿಯರಿಗೆ ಹೇಳಿದರೆ ಏನಾದೀತು ಎಂದೆಲ್ಲ ಅವನ ಚಿಂತೆ. ನಿರುಪಮಾ ವಾದಿಸಲಿಲ್ಲ, ವಾದಿಸಲು ಬೇಕಾದಷ್ಟು ಕಾವೇ ಅವಳಲ್ಲಿರಲಿಲ್ಲ. ಇಮೇಲು ಬರೆಯುತ್ತೇನೆಂದ ಶಶಿಧರ ಬರೆಯಲೂ ಇಲ್ಲ. ಬುಧವಾರ ಸಂಜೆ ಸ್ನೇಹಲ್ ಡೇವಿಸ್‌ನಿಂದ ಬಂದಿಳಿದಳು. ಇದು ನನ್ನ ಮೈಯ ವಿಷಯ, ನಾನೂ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಅಜ್ಜಿ ಮಾಡಿದ ಮೆಂತ್ಯದ ರೊಟ್ಟಿ ಮೂರು ತಿಂದು ಮಲಗಿದಳು.

ಗುರುವಾರ ಕೌನ್ಸೆಲರ ಕೋಣೆಯಲ್ಲಿ ಮೂವರೂ ಕೂತರು. ಕಾಶವ್ವ ಹೇಳಿದ ಹಸಿ ಬಟ್ಟೆಯ ಸಂಗತಿಯನ್ನು ನಿರುಪಮಾ ಒಂದು ವರದಿ ಒಪ್ಪಿಸುವ ದನಿಯಲ್ಲಿ ಹೇಳಿದಳು. ಕೌನ್ಸೆಲರ್ ನಗಲಿಲ್ಲ, ಪಕ್ಕಕ್ಕೂ ಇಡಲಿಲ್ಲ. ಆಕೆ ಬರೆದುಕೊಳ್ಳುತ್ತಿದ್ದ ನಕ್ಷೆಯಲ್ಲಿ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ನಿರುಪಮಾಳ ತಲೆಯ ಮೇಲೆ ಸಂಗನಬಸಪ್ಪನ ಚೌಕ, ಅದರ ಮೇಲೆ ಶರಣವ್ವನ ವೃತ್ತ. ಆ ವೃತ್ತವನ್ನು ಆಕೆ ಕಾಯಿಲೆಯಾದವಳೆಂದು ಕಪ್ಪಾಗಿ ತುಂಬಿ, ಸತ್ತವಳೆಂದು ಅಡ್ಡಗೆರೆ ಎಳೆದಳು. ಶಶಿಧರನ ಚೌಕ ಆಚೆ ಬದಿಗೆ, ತಲೆಯ ಮೇಲೆ ಯಾರೂ ಇಲ್ಲದೆ, ಒಂಟಿಯಾಗಿತ್ತು. ಇದು ಸಾಕು, ನಿಮ್ಮ ಬದಲಾವಣೆಯನ್ನು ಕೆಟ್ಟದ್ದೆಂದೇ ಹಿಡಿಯೋಣ, ಹಾಗಾದರೆ ಮಗಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಆಕೆ ಹೇಳಿದಳು.

ಶಶಿಧರ ತನ್ನ ಬೂಟಿನ ತುದಿ ನೋಡುತ್ತಿದ್ದ. ಅವನು ಹೇಳುವುದಿಲ್ಲವೆಂದು ನಿರುಪಮಾಳಿಗೆ ತಿಳಿಯಿತು. ಅರ್ಧಕ್ಕರ್ಧ ಎಂಬ ತಪ್ಪು ಮಾತು ಮಗಳ ಕಡತದಲ್ಲಿ ಉಳಿಯಬಾರದು ಎಂಬುದೂ ತಿಳಿಯಿತು. ಆ ಫಾರ್ಮು ತಪ್ಪು ತುಂಬಿದ್ದೇವೆ, ಇವರ ತಾಯಿ ನನ್ನ ಅಪ್ಪನ ಒಡಹುಟ್ಟಿದ ಅಕ್ಕ, ಶರಣವ್ವ ಇವರಿಗೂ ಅಜ್ಜಿ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಕೌನ್ಸೆಲರ ಮುಖ ಬದಲಾಗಲಿಲ್ಲ, ಅದಕ್ಕೆಂದೇ ಆಕೆಗೆ ತರಬೇತಿ. ಶರಣವ್ವನ ವೃತ್ತದಿಂದ ಒಂದು ಗೆರೆ ಇಳಿಸಿ ಕಾಶವ್ವನನ್ನು ಬರೆದಳು, ಅಲ್ಲಿಂದ ಶಶಿಧರನಿಗೆ ಇಳಿಸಿದಳು. ಗಂಡ ಹೆಂಡಿರ ನಡುವೆ ಇದ್ದ ಗೆರೆಯ ಕೆಳಗೆ ಅದಕ್ಕಂಟಿಕೊಂಡಂತೆ ಇನ್ನೊಂದು ಗೆರೆ ಎಳೆದಳು. ರಕ್ತಸಂಬಂಧದಲ್ಲಿ ಮದುವೆಯಾದವರನ್ನು ಹೀಗೆ ತೋರಿಸುವುದಂತೆ. ಶಶಿಧರನ ರಕ್ತವನ್ನೂ ಇವತ್ತೇ ತೆಗೆಯಬೇಕು, ಅವರಲ್ಲೂ ಅದೇ ಇದ್ದರೆ ಮಗಳ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅಂದಳು. ಶಶಿಧರ ತಲೆಯೆತ್ತದೆ ತೋಳಿನ ಗುಂಡಿ ಬಿಚ್ಚತೊಡಗಿದ.

ಸ್ನೇಹಲ್ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡಳು. ಕೆಳಗಿನ ತನ್ನ ವೃತ್ತದ ಮೇಲೆ ಬೆರಳಿಟ್ಟು, ಅಮ್ಮನ ಗೆರೆ ಹಿಡಿದು ಮೇಲಕ್ಕೆ ಹೋಗಿ ಕಪ್ಪು ವೃತ್ತ ಮುಟ್ಟಿದಳು. ಮತ್ತೆ ಕೆಳಗಿನಿಂದ ಶುರುಮಾಡಿ, ಅಪ್ಪನ ಗೆರೆ ಹಿಡಿದು, ಅಜ್ಜಿಯನ್ನು ದಾಟಿ, ಅದೇ ವೃತ್ತಕ್ಕೆ ಬಂದು ನಿಂತಳು. ಅಪ್ಪನನ್ನೂ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಎದುರಿಗಿದ್ದವಳಿಗೆ ತಿಳಿಯಬಾರದೆಂದೋ ಏನೋ, ಎಂದೂ ಆಡದವಳು ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕುತ್ತ ಕೇಳಿದಳು.

"ಈ ಅಜ್ಜಿ ನನಗೆ ಎರಡು ಸಲ ಬರ್ತಾಳಾ, ಅಮ್ಮಾ? ಎರಡೂ ಸೈಡಿಂದ?"

ನಿರುಪಮಾ ಹೂಂ ಅಂದಳು. ಅನ್ನುತ್ತಿದ್ದ ಹಾಗೆ ಅವಳಿಗೆ ಹೆದರಿಕೆ ಬಂತು, ಏಳು ತಿಂಗಳಿನಿಂದ ಬಾರದೆ ಉಳಿದಿದ್ದೆಲ್ಲ ಒಟ್ಟಿಗೇ ಬಂತು. ಮಗಳು ಏನು ಕೇಳಿದಳೆಂದು ಕೌನ್ಸೆಲರ್ ವಿಚಾರಿಸಿದಳು. ನಿರುಪಮಾ ಕೈ ಚಾಚಿ ಮಗಳ ಕೈ ಹಿಡಿಯಲು ಹೋದಳು. ಸ್ನೇಹಲ್ ಕೈ ಕೊಡಲಿಲ್ಲ.